ಕಾಣದ ಗೆರೆಯ ಆಚೆ ಈಚೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಪೂರ್ವಕ್ಕೆ, ಒಂದು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ, 76 ಡಿಗ್ರಿ ಪೂರ್ವ ರೇಖಾಂಶವು ಹಾದುಹೋಗುತ್ತದೆ. ಅದು ಕಣ್ಣಿಗೆ ಕಾಣುವ ಗೆರೆಯಲ್ಲ. ಹೊಲ ಉಳುವ ರೈತನಿಗೆ ಅದರಿಂದ ಆಗಬೇಕಾದುದೇನೂ ಇಲ್ಲ. ಆದರೆ 'ಹ್ಯಾಮ್' ಎಂದು ಕರೆಯಲ್ಪಡುವ ಹವ್ಯಾಸಿ ರೇಡಿಯೋ ಬಳಕೆದಾರರಿಗೆ ಅದೊಂದು ಮುಖ್ಯವಾದ ಎಲ್ಲೆ.

1980ರಲ್ಲಿ ಇಂಗ್ಲೆಂಡಿನ ಮೇಡನ್‌ಹೆಡ್ ಎಂಬ ಊರಿನಲ್ಲಿ ಸೇರಿದ ಹವ್ಯಾಸಿಗಳು ಭೂಮಂಡಲವನ್ನು 32,400 ಚೌಕಗಳಾಗಿ ವಿಂಗಡಿಸುವ ಕ್ರಮವನ್ನು ಒಪ್ಪಿಕೊಂಡರು. ಪ್ರತಿಯೊಂದು ಚೌಕವೂ 2 ಡಿಗ್ರಿ ರೇಖಾಂಶ, 1 ಡಿಗ್ರಿ ಅಕ್ಷಾಂಶಗಳನ್ನು ವ್ಯಾಪಿಸುತ್ತದೆ. ಈ ಕ್ರಮದಂತೆ ಅರಸೀಕೆರೆಯು 'ಎಂಕೆ 83'ರಲ್ಲಿದೆ. ಬೇಲೂರು, ಹಳೇಬೀಡುಗಳು 'ಎಂಕೆ 73'ರಲ್ಲಿವೆ. ಹವ್ಯಾಸಿಗಳು ನೆಲೆಸದ ಕಾಡು, ಮರುಭೂಮಿ, ದ್ವೀಪಗಳ ಚೌಕಗಳಿಂದ ಕರೆ ಬರುವುದೇ ಅಪರೂಪ. ಆದುದರಿಂದ ಕೆಲವು ಉತ್ಸಾಹಿಗಳು ಚಿಕ್ಕ ರೇಡಿಯೋವನ್ನೂ ಕೈಯಲ್ಲಿ ಹಿಡಿಯುವ ಆಂಟೆನಾವನ್ನೂ ಹೊತ್ತು ಅಂತಹ ಎಡೆಗಳಿಗೆ ಹೋಗಿ, ಕೃತಕ ಉಪಗ್ರಹಗಳ ಮೂಲಕ ಮಾತನಾಡುತ್ತಾರೆ.

ಈ ಕಾರ್ಯ ಸುಲಭವಲ್ಲ. ಭೂಮಿಗೆ ಸಮೀಪದಲ್ಲಿ ಸುತ್ತುವ ಉಪಗ್ರಹವು ಒಂದು ಊರಿನ ಬಾನಿನಲ್ಲಿರುವುದು ಹೆಚ್ಚೆಂದರೆ ಹತ್ತು ಹದಿನೈದು ನಿಮಿಷ. ಅಷ್ಟರಲ್ಲಿ ಆಂಟೆನಾವನ್ನು ಅದರತ್ತ ತಿರುಗಿಸುತ್ತಲೇ ಇರಬೇಕು. ಅರಸೀಕೆರೆಯ ನಿಲ್ದಾಣವನ್ನು ನಿಲ್ಲದೆ ದಾಟುವ ರೈಲಿನ ಸಿಳ್ಳು ಹತ್ತಿರ ಬರುವಾಗ ಏರಿ, ದೂರ ಸರಿಯುವಾಗ ಇಳಿಯುವಂತೆ, ಉಪಗ್ರಹದ ಅಲೆಗಳ ಆವರ್ತನವೂ ಬದಲಾಗುತ್ತದೆ. ರೇಡಿಯೋವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ತನ್ನ ಕರೆಹೆಸರನ್ನೂ ಚೌಕದ ಹೆಸರನ್ನೂ ಹೇಳಿದೊಡನೆ ಬೇರೆಯವರಿಗೆ ಎಡೆಕೊಡುವುದು ಇಲ್ಲಿನ ಶಿಷ್ಟಾಚಾರ.

ನಮ್ಮ ನಾಡಿಗೂ ಇದರಲ್ಲಿ ಪಾಲುಂಟು. 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಮೇಲೇರಿದ 'ಹ್ಯಾಮ್‌ಸ್ಯಾಟ್' ಉಪಗ್ರಹವನ್ನು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಹವ್ಯಾಸಿಗಳಿಗಾಗಿಯೇ ನಿರ್ಮಿಸಿತ್ತು. ಅದರಲ್ಲಿನ ಎರಡು ಮರುಪ್ರಸಾರ ಸಾಧನಗಳಲ್ಲಿ ಒಂದು ಭಾರತೀಯರದು. ಮತ್ತೊಂದು ನೆದರ್‌ಲ್ಯಾಂಡ್ಸಿನ ಹವ್ಯಾಸಿಯೊಬ್ಬರದು. 42.5 ಕಿಲೋಗ್ರಾಂ ತೂಕದ ಆ ಉಪಗ್ರಹವು ಒಂಬತ್ತು ವರ್ಷ ದುಡಿದು, 2014ರ ಜುಲೈನಲ್ಲಿ ವಿದ್ಯುತ್ಕೋಶಗಳು ಕೆಟ್ಟುದರಿಂದ ಮೌನವಾಯಿತು.

ಹವ್ಯಾಸವೆಂದರೆ ಹೊತ್ತು ಕಳೆಯುವ ಆಟವೇ? 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹವ್ಯಾಸಿಯು ರೇಡಿಯೋ ಲೋಕದಲ್ಲಿ ಅಪರೂಪವಾಗಿದ್ದ ಅಂಡಮಾನಿನಿಂದ ಜಗತ್ತಿನ ಹವ್ಯಾಸಿಗಳೊಡನೆ ಮಾತನಾಡಲು ಪೋರ್ಟ್‌ಬ್ಲೇರಿಗೆ ಹೋಗಿದ್ದರು. 26ರಂದು ಸುನಾಮಿಯು ಅಪ್ಪಳಿಸಿ ಸಂಪರ್ಕ ವ್ಯವಸ್ಥೆ ಕುಸಿಯಿತು. ಆಗ ಅವರ ರೇಡಿಯೋ, ಬಂಧುಗಳ ಸುದ್ದಿಗಾಗಿ ತಹತಹಿಸುತ್ತಿದ್ದವರಿಗೆ ಆಸರೆಯಾಯಿತು. ಆಟವೆಂದು ತೋರುತ್ತಿದ್ದುದೇ ಸೇವೆಯಾಗಿ ಪರಿಣಮಿಸಿತು.

ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಪರವಾನಗಿ ಪಡೆದವರೇ ಈ ಕಾರ್ಯದಲ್ಲಿ ತೊಡಗಬಹುದು. ಗಳಿಕೆಯ ಆಸೆಯಿಲ್ಲದೆ, ಶ್ರದ್ಧೆಯಿಂದ ಕಲಿತ ವಿದ್ಯೆಯು ಯಾವ ಗಳಿಗೆಯಲ್ಲಿ ಯಾರ ಕಷ್ಟಕ್ಕೆ ಒದಗೀತೆಂದು ಮೊದಲೇ ಹೇಳಬಲ್ಲವರಾರು?