ಇರುಳಿನ ಅಡಿಗೆಯೂ ಮಿಕ್ಕ ಆಹಾರದ ಸದುಪಯೋಗವೂ

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿಗೆ ಸೇರಿದ ಬೂಕನಕೆರೆಯ ಸುತ್ತಿನ ಒಕ್ಕಲು ಮನೆಗಳಲ್ಲಿ ಇರುಳಿನ ಊಟವೆಂದರೆ ಬಹುಮಟ್ಟಿಗೆ ರಾಗಿಯ ಹಿಟ್ಟು, ಕಾಳಿನ ಇಲ್ಲವೆ ಸೊಪ್ಪಿನ ಎಸರು, ಮೇಲೊಂದಿಷ್ಟು ಅನ್ನ, ಮಜ್ಜಿಗೆ. ಮುದ್ದೆಯನ್ನು ಈ ಸೀಮೆಯವರು ಹಿಟ್ಟೆಂದೇ ಕರೆಯುವರು. ಹೊಲದ ಕೆಲಸವನ್ನು ಮುಗಿಸಿ, ದನಗಳನ್ನು ಕಟ್ಟಿ, ಹಾಲು ಕರೆದ ಮೇಲೆ ಒಲೆಯ ಮುಂದೆ ನಿಲ್ಲುವ ಗೃಹಿಣಿಗೆ ಹೊತ್ತು ಸಾಲದು. ಗ್ಯಾಸಿನ ಒಲೆ ಬಂದಿರುವ ಮನೆಗಳಲ್ಲಿಯೂ ಸೌದೆಯ ಕಷ್ಟ ತಪ್ಪಿದೆಯೇ ಹೊರತು ಹೊತ್ತು ಹೆಚ್ಚಿಲ್ಲ. ಆದಕಾರಣ ಅಡಿಗೆಗೆ ಎಸರಿಡುವಾಗಲೇ ಮಿಕ್ಕುವ ಪದಾರ್ಥವು ಬೆಳಿಗ್ಗೆ ಏನಾಗಬೇಕೆಂಬುದನ್ನು ನಿಶ್ಚಯಿಸಿಕೊಳ್ಳುವುದು ಮೇಲು. ಇದರಿಂದ ಧಾನ್ಯವೂ ಶ್ರಮವೂ ಉಳಿಯುವುದಲ್ಲದೆ, ಕೆಟ್ಟ ಆಹಾರದಿಂದ ಬರುವ ವಾಂತಿಭೇದಿಗಳೂ ತಪ್ಪುವುವು.

ರಾಗಿಯ ಹೆಚ್ಚಳ

100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಸುಣ್ಣದ ಅಂಶವುಂಟು. ಅಷ್ಟೇ ತೂಕದ ಪಾಲಿಷ್ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಆಸುಪಾಸಿನದು. ಬೆಳೆಯುವ ಮಕ್ಕಳಿಗೂ ಗರ್ಭಿಣಿಯರಿಗೂ ಬಾಣಂತಿಯರಿಗೂ ಈ ಅಂಶವು ಅತ್ಯಗತ್ಯ. ಈ ಜಿಲ್ಲೆಯದೇ ಆದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರೆಂದು ಹೆಸರಾದ ವಿಜ್ಞಾನಿಯು ಇಲ್ಲಿನ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಿಸಿ ಇಂಡಾಫ್ ತಳಿಗಳನ್ನು ಸಿದ್ಧಪಡಿಸಿದರು. ಅವುಗಳಿಂದ ಇಳುವರಿ ಬಹಳವಾಗಿ ಹೆಚ್ಚಿತು. 2013ರಲ್ಲಿ ಅನ್ನಭಾಗ್ಯ ಯೋಜನೆಯು ಬಂದ ಮೇಲೆ ಪಡಿತರದ ಅಕ್ಕಿ ಮನೆಮನೆಗೂ ಸುಲಭವಾಯಿತು. ಅನ್ನವು ಸುಲಭವಾದಲ್ಲಿ ಮಿಕ್ಕುವುದೂ ಸುಲಭ. ಇರುಳಿನ ಊಟದಲ್ಲಿ ಹಿಟ್ಟನ್ನು ಮೊದಲಿಟ್ಟು, ಅನ್ನಕ್ಕೆ ಅಕ್ಕಿಯನ್ನು ಅಳೆದೇ ಹಾಕುವುದು ಒಳ್ಳೆಯದು.

ಒಂದೇ ಬೇಯಿಕೆಯಲ್ಲಿ ಎರಡು ಪದಾರ್ಥ

ಹೊತ್ತನ್ನು ಉಳಿಸುವ ಅಡಿಗೆಗಳಲ್ಲಿ ಬಸ್ಸಾರಿಗೆ ಸಮನಾದುದು ವಿರಳ. ನಾಲ್ಕೈದು ಜನರ ಮನೆಗೆ 150 ಗ್ರಾಂ ಹುರುಳಿಕಾಳನ್ನು ಬೆಳಿಗ್ಗೆಯೇ ನೆನೆಹಾಕಿ, ಸಂಜೆ ಧಾರಾಳವಾದ ನೀರಿನಲ್ಲಿ ಬೇಯಿಸತಕ್ಕದ್ದು. ಕಾಳು ಮುಕ್ಕಾಲುಪಾಲು ಬೆಂದ ಮೇಲೆ ದಂಟಿನ ಸೊಪ್ಪನ್ನಾಗಲಿ ಮನೆಯ ಹಿತ್ತಿಲಲ್ಲಿ ದೊರೆಯುವ ಬೇರೆ ಸೊಪ್ಪನ್ನಾಗಲಿ ಹೆಚ್ಚಿ ಹಾಕಿ, ಎರಡೂ ಬೆಂದೊಡನೆ ಕಟ್ಟನ್ನು ಬಸಿಯಬೇಕು. ಬಸಿದ ಕಾಳುಸೊಪ್ಪಿಗೆ ಒಗ್ಗರಣೆಯಿಟ್ಟರೆ ಪಲ್ಯವಾಯಿತು. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಮೆಣಸು, ಜೀರಿಗೆ, ಹುಣಿಸೆಹಣ್ಣು, ಸ್ವಲ್ಪ ಕಾಯಿತುರಿ, ಒಂದು ಹಿಡಿ ಬೆಂದ ಕಾಳು, ಇಷ್ಟನ್ನು ಅರೆದು ಕಟ್ಟಿಗೆ ಸೇರಿಸಿ ಕುದಿಸಿದರೆ ಸಾರಾಯಿತು. ಸೊಪ್ಪಿನ ಜೀವಸತ್ವಗಳಲ್ಲಿ ಕೆಲವು ನೀರಿನಲ್ಲಿ ಕರಗುವುದರಿಂದ ಕಟ್ಟನ್ನು ಚೆಲ್ಲಿದರೆ ಅವುಗಳೂ ಹೋಗುವುವು. ಬಸ್ಸಾರಿನಲ್ಲಿ ಅವು ಊಟಕ್ಕೇ ಮರಳುವುವು.

ಅರೆಯುವುದಕ್ಕೂ ಹೊತ್ತಿಲ್ಲದ ದಿನ ಇದೇ ಕಟ್ಟಿಗೆ ಉಪ್ಪು ಹಾಕಿ ಉಪ್ಪೆಸರು ಮಾಡಿ, ಖಾರವನ್ನು ಬೇರೆಯಾಗಿ ಬಡಿಸಬಹುದು. ಒಂದು ಲೋಟ ರಾಗಿಹಿಟ್ಟಿಗೆ ಎರಡು ಲೋಟ ನೀರಿನ ಲೆಕ್ಕದಲ್ಲಿ ಎಸರಿಟ್ಟು, ಉಣ್ಣುವವರ ಸಂಖ್ಯೆಗೆ ತಕ್ಕಷ್ಟೇ ಮುದ್ದೆ ಕಟ್ಟಿದರೆ ಮಿಕ್ಕುವುದು ಅಲ್ಪವೇ.

ಮಿಕ್ಕುದರ ಉಪಯೋಗ

ಮಿಕ್ಕ ಮುದ್ದೆಯನ್ನು ಬೆಳಗಿನವರೆಗೂ ಹಾಗೆಯೇ ಮುಚ್ಚಿಡುವುದಕ್ಕಿಂತ, ಬಿಸಿಯಾರಿದೊಡನೆ ಕಿವುಚಿ ಹುಳಿಮಜ್ಜಿಗೆಯಲ್ಲಿ ಕಲಸಿಡುವುದು ಲೇಸು. ಬೆಳಿಗ್ಗೆ ಉಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ ಸೇರಿಸಿದರೆ ಉಳುವವನಿಗೆ ತಂಪಾದ ಅಂಬಲಿ ಸಿದ್ಧ. ಮಿಕ್ಕ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗನೆ ಆರಿಸಿ, ಅದನ್ನೂ ಹುಳಿಮಜ್ಜಿಗೆಯಲ್ಲಿ ಮುಳುಗುವಂತೆ ಕಲಸಿಡಬೇಕು. ಫ್ರಿಜ್ ಇರುವವರು ಅನ್ನವನ್ನು ಅದರಲ್ಲಿಟ್ಟು, ಮರುದಿನ ಬೆಳಿಗ್ಗೆ ಚಿತ್ರಾನ್ನ ಮಾಡಬಹುದು. ಇಲ್ಲವೆ ಮಸೆದು ಅಕ್ಕಿಹಿಟ್ಟಿನೊಡನೆ ನಾದಿ ರೊಟ್ಟಿ ತಟ್ಟಬಹುದು. ಹಾಗೆಯೇ ತಣ್ಣಗಿಟ್ಟ ಪಲ್ಯವೂ ರೊಟ್ಟಿಯ ಹಿಟ್ಟಿಗೆ ಸೇರುವುದು.

ಬಸ್ಸಾರು ಮಾರನೆಯ ದಿನ ಇನ್ನೂ ರುಚಿಯೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಕಾಯಿ ಅರೆದು ಹಾಕಿದ ಸಾರು ಬೇಗನೆ ಕೆಡುವುದು. ಊಟವಾದೊಡನೆ ಅದನ್ನು ಚೆನ್ನಾಗಿ ಕುದಿಸಿ, ಪಾತ್ರೆಯನ್ನು ತಣ್ಣೀರಿನ ಬಾನಿಯಲ್ಲಿಟ್ಟು ಆರಿಸಿ, ಎಂಜಲು ಸೌಟನ್ನು ಅದ್ದದೆ ಮುಚ್ಚಿಡಬೇಕು. ಬೆಳಿಗ್ಗೆ ಮತ್ತೆ ಕುದಿಸಿದ ಮೇಲೆಯೇ ಬಡಿಸಬೇಕು. ಹುಳಿ ಪದಾರ್ಥಗಳನ್ನು ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಗಳಲ್ಲಿ ಇಡಲೇಕೂಡದು.

ಹುಳಿತುದು ಬೇರೆ, ಕೆಟ್ಟುದು ಬೇರೆ

ಮಜ್ಜಿಗೆಯಲ್ಲಿರುವ ಸೂಕ್ಷ್ಮಜೀವಿಗಳು ಹುಳಿಯನ್ನುಂಟುಮಾಡಿ, ಆಹಾರವನ್ನು ಕೆಡಿಸುವ ಅನೇಕ ಜೀವಿಗಳನ್ನು ಬೆಳೆಯಗೊಡುವುದಿಲ್ಲ. ಮಜ್ಜಿಗೆಯಿಲ್ಲದೆ ಬೆಚ್ಚಗೆ ಬಿಟ್ಟ ಅನ್ನದ ಸಂಗತಿಯೇ ಬೇರೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ಬೇಯಿಸಿದರೂ ಸಾಯದೆ ಉಳಿದು, ಬೆಚ್ಚನೆಯ ಅನ್ನದಲ್ಲಿ ಮೊಳೆತು ವಿಷವನ್ನು ಸುರಿಸಬಲ್ಲವು. ಆ ವಿಷಗಳಲ್ಲಿ ಒಂದು ಮತ್ತೆ ಕಾಯಿಸಿದರೂ ನಾಶವಾಗುವುದಿಲ್ಲ. ಅನ್ನವು ಕಣ್ಣಿಗೆ ಚೆನ್ನಾಗಿಯೇ ಕಂಡರೂ ವಾಂತಿ ತಪ್ಪದು. ಆದುದರಿಂದ ಅನ್ನವನ್ನು ಎರಡು ಗಂಟೆಗಳೊಳಗಾಗಿ ಆರಿಸಿ, ಮಜ್ಜಿಗೆಗೋ ಫ್ರಿಜ್ಜಿಗೋ ಸೇರಿಸಬೇಕು. ಇರುಳೆಲ್ಲಾ ಹೊರಗೆ ಬಿಟ್ಟ ಬರಿಯ ಅನ್ನವನ್ನು ಒಗ್ಗರಣೆಯಿಂದ ಸರಿಪಡಿಸಲು ಹೋಗಬಾರದು. ಲೋಳೆ, ಬೂಷ್ಟು, ದುರ್ವಾಸನೆ ಕಂಡುದನ್ನು ಬಿಸಾಡಬೇಕು. ಎಳೆಯ ಮಕ್ಕಳಿಗೂ ರೋಗಿಗಳಿಗೂ ಮುದುಕರಿಗೂ ಬಸುರಿಯರಿಗೂ ಹೊಸದಾಗಿ ಬೇಯಿಸಿದುದನ್ನೇ ಕೊಡತಕ್ಕದ್ದು.

ದನಗಳ ವಿಷಯದಲ್ಲಿ ಎಚ್ಚರಿಕೆ

ಅಕ್ಕಿ ತೊಳೆದ ನೀರು, ತರಕಾರಿಯ ಸಿಪ್ಪೆಗಳು ಕಲಗಚ್ಚಿಗೆ ಸೇರುವುದು ಸರಿಯೇ. ಆದರೆ ಮದುವೆ, ಹಬ್ಬ, ತಿಥಿಗಳಲ್ಲಿ ಮಿಕ್ಕ ಅನ್ನಪಾಯಸಗಳನ್ನು ಹಾಳಾಗುವುವಲ್ಲಾ ಎಂದು ಒಮ್ಮೆಗೇ ದನಗಳ ಮುಂದೆ ಸುರಿಯುವುದು ಅಪಾಯಕರ. ಅಭ್ಯಾಸವಿಲ್ಲದ ದನವು ಅನ್ನವನ್ನು ಅತಿಯಾಗಿ ತಿಂದರೆ ಹೊಟ್ಟೆಯಲ್ಲಿ ಆಮ್ಲವು ಮಿತಿಮೀರಿ, ಮೆಲುಕು ನಿಂತು, ಹೊಟ್ಟೆಯುಬ್ಬರ, ಭೇದಿಗಳುಂಟಾಗುವುವು; ಚಿಕಿತ್ಸೆ ತಡವಾದರೆ ದನವು ಸಾಯುವುದೂ ಉಂಟು. ನಾಲ್ಕು ಸೇರು ಅಕ್ಕಿಯ ಅನ್ನವನ್ನು ಉಳಿಸಹೋಗಿ ಕರೆಯುವ ಹಸುವನ್ನೇ ಕಳೆದುಕೊಳ್ಳುವುದು ಉಳಿತಾಯವಲ್ಲ. ದನವು ಹಾಗೆ ತಿಂದುದು ತಿಳಿದೊಡನೆ ಪಶುವೈದ್ಯರನ್ನು ಕರೆಸಬೇಕು. ಕೆಟ್ಟ ಆಹಾರವನ್ನು ಗೊಬ್ಬರದ ಗುಂಡಿಯಲ್ಲಿ ಹಾಕಿ, ದನ, ನಾಯಿಗಳು ಮುಟ್ಟದಂತೆ ಮಣ್ಣು ಮುಚ್ಚುವುದೇ ಸರಿಯಾದ ದಾರಿ.

ಅಳೆದು ಬೇಯಿಸುವುದು, ಮಿಕ್ಕುದನ್ನು ಬೇಗನೆ ಆರಿಸುವುದು, ಆ ಇರುಳೇ ಅದಕ್ಕೊಂದು ದಾರಿ ಮಾಡುವುದು: ಈ ಮೂರನ್ನೂ ರೂಢಿಸಿಕೊಂಡ ಮನೆಯಲ್ಲಿ ರೈತನು ಬೆವರು ಸುರಿಸಿ ಬೆಳೆದ ಕಾಳು ತಿಪ್ಪೆಯ ಪಾಲಾಗುವುದು ಅಪರೂಪ.