ಮೂರು ಕಡೆಯ ಮಣ್ಣು, ಬೇರೆ ಬೇರೆ ಹುಳ

ಮಣ್ಣು ಪರೀಕ್ಷೆ ಅಂದ್ರೆ ನಾವು ಸಾರಜನಕ, ರಂಜಕ, ಪೊಟ್ಯಾಷ್ ಇಷ್ಟೇ ಕೇಳ್ತೇವೆ. ಒಳಗೆ ಯಾರು ಬದುಕಿದ್ದಾರೆ ಅಂತ ಚೀಟಿಯಲ್ಲಿ ಇರೋದಿಲ್ಲ. ಅದನ್ನು ಮನೆಯಲ್ಲೇ ನೋಡಬಹುದು.

ಇಟಲಿಯ ಕೀಟತಜ್ಞ ಬೆರ್ಲೀಸೆ 1905ರಲ್ಲಿ ತೋರಿಸಿಕೊಟ್ಟ ಉಪಾಯವಿದು. ನೀರಿನ ಬಾಟಲಿಯ ಮೇಲ್ಭಾಗ ಕೊಯ್ದು ಲಾಳಿಕೆಯಂತೆ ತಲೆಕೆಳಗಾಗಿ ಇಡಿ. ಒಳಗೆ ಸೊಳ್ಳೆ ಜಾಲರಿ, ಅದರ ಮೇಲೆ ಒಂದು ಲೋಟ ಮಣ್ಣು. ಕೆಳಗೆ ಬಿಳಿ ಬಟ್ಟಲು, ಅದರಲ್ಲಿ ಒದ್ದೆ ಕಾಗದ. ಮೇಲೆ ಬಲ್ಬು. ಎಲ್‌ಇಡಿ ಆಗದು, ಅದು ಸಾಕಷ್ಟು ಕಾಯೋದಿಲ್ಲ. ಹಳೇ ತಂತಿ ಬಲ್ಬೇ ಬೇಕು. ಮಣ್ಣು ಮೇಲಿನಿಂದ ಒಣಗಿದಂತೆ ಹುಳಗಳು ತಂಪು, ಕತ್ತಲೆ ಹುಡುಕಿ ಕೆಳಗಿಳಿದು ಬಟ್ಟಲಿಗೆ ಬೀಳುತ್ತವೆ. ಎರಡು ಮೂರು ದಿನ ಬಿಡಿ. ನೋಡಲು ಭೂತಗನ್ನಡಿ ಸಾಕು.

ಹೋಲಿಸಬೇಕಾದರೆ ಒಂದೇ ದಿನ, ಒಂದೇ ಆಳ, ಒಂದೇ ಲೋಟದ ಅಳತೆ. ನಾನು ತಂದದ್ದು ನಾಗಮಂಗಲ ಕಡೆಯ ನಮ್ಮ ಕೆಂಪು ರಾಗಿ ಹೊಲದ್ದು, ಅದರ ಬದುವಿನ ಹೊಂಗೆ ಬುಡದ್ದು, ಶ್ರೀರಂಗಪಟ್ಟಣದ ನಾಲೆ ಬಯಲಲ್ಲಿರುವ ಭಾವನವರ ತೆಂಗಿನ ತೋಟದ್ದು.

ಹೊಂಗೆ ತರಗಿನಡಿ ಸಿಕ್ಕವು ಬೂದು ಬಣ್ಣದ, ಉದ್ದ ಮೀಸೆಯ ಸ್ಪ್ರಿಂಗ್‌ಟೇಲ್‌ಗಳು. ಆರು ಕಾಲು, ಹೊಟ್ಟೆಯಡಿ ಮಡಚಿದ ಕವಲು ಬಾಲ. ಅದನ್ನು ನೆಲಕ್ಕೆ ಬಡಿದು ಪುಟಿಯುತ್ತವೆ. ತೋಟದ ಒಳಮಣ್ಣಿನವು ಬಿಳಿ, ಗಿಡ್ಡ ಕಾಲು, ಪುಟಿಯಲಾರವು. ಕತ್ತಲಲ್ಲಿ ಬಣ್ಣ ಯಾಕೆ, ಇಕ್ಕಟ್ಟಲ್ಲಿ ಹಾರಾಟ ಯಾಕೆ! ಪಕ್ಕದ ಭತ್ತದ ಗದ್ದೆ ನೀರಿನ ಮೇಲೂ ಬೂದಿ ಚೆಲ್ಲಿದಂತೆ ಇವು ತೇಲುತ್ತಿದ್ದವು. ಇವುಗಳ ಮೈಗೆ ನೀರು ಅಂಟದು.

ಹೊಲದ ಬಟ್ಟಲಲ್ಲಿ ಸ್ಪ್ರಿಂಗ್‌ಟೇಲ್ ಬೆರಳೆಣಿಕೆಯಷ್ಟೇ. ಇದ್ದದ್ದು ಗಟ್ಟಿ ಚಿಪ್ಪಿನ ಕಂದು ನುಸಿಗಳು, ಎಂಟು ಕಾಲು, ಮೆಲ್ಲಗೆ ನಡೆಯುವಂಥವು. ಒಣ ಮಣ್ಣನ್ನು ತಾಳಲು ಆ ಚಿಪ್ಪೇ ಆಧಾರ. ನುಸಿ ಅಂದಕೂಡಲೇ ಗಾಬರಿ ಬೇಡ. ನಮ್ಮ ತೆಂಗು ಕೆಡಿಸಿದ ನುಸಿಗೆ ನಾಲ್ಕೇ ಕಾಲು, ಅದರ ಜಾತಿಯೇ ಬೇರೆ.

ಇವೆಲ್ಲ ಬೂಷ್ಟು, ಕೊಳೆತ ಎಲೆ ತಿಂದು ಹಿಕ್ಕೆ ಹಾಕುವಂಥವು. ತರಗು ಗೊಬ್ಬರವಾಗುವುದರಲ್ಲಿ ಇವುಗಳ ಪಾಲೂ ಇದೆ. ಒಳ್ಳೆ ಮಣ್ಣಲ್ಲಿ ಒಂದು ಚದರ ಮೀಟರಿಗೆ ಹತ್ತಾರು ಸಾವಿರ ಸ್ಪ್ರಿಂಗ್‌ಟೇಲ್ ಇರುತ್ತವೆ.

ಹೊಂಗೆ ನೆರಳಿಗೆ ಎರಡು ಸಾಲು ರಾಗಿ ಹೋಗ್ತದೆ, ಕಡಿಸೋಣ ಅಂತಾನೆ ಮಗ. ಅವನ ಲೆಕ್ಕವೂ ಸುಳ್ಳಲ್ಲ. ಈಗ ಹೊಂಗೆ ತರಗನ್ನು ಹೊಲದ ನಾಲ್ಕು ಸಾಲಿಗೆ ಹರಡಿದ್ದೇನೆ. ಮುಂಗಾರು ಬಿದ್ದ ಹದಿನೈದು ದಿನಕ್ಕೆ ಆ ಸಾಲಿನ ಮಣ್ಣು, ಬರೀ ಸಾಲಿನ ಮಣ್ಣು ಎರಡನ್ನೂ ಬಲ್ಬಿನಡಿ ಇಡುತ್ತೇನೆ. ಅಲ್ಲೀವರೆಗೆ ಕೊಡಲಿ ಬೇಡ ಅಂದಿದ್ದೇನೆ.