ಹಿಂಗಾಜಿನ ವೈಪರ್ ನಿಂತಾಗ

ಲಕ್ಷ್ಮೀ ನಗರದ ಪಕ್ಕದ ವಿಕಾಸ ಮಾರ್ಗದಲ್ಲಿ ಓಡುವ ಬಾಡಿಗೆಯ ವ್ಯಾನುಗಳಲ್ಲಿ ನಮ್ಮ ಬಿಡದಿಯಲ್ಲಿ ತಯಾರಾದ ಇನ್ನೋವಾ ಗಾಡಿಗಳೂ ಇವೆ. 2005ರಲ್ಲಿ ಮೊದಲು ಭಾರತದ ಪೇಟೆಗೆ ಬಂದ ಈ ಗಾಡಿಯ ಕೆಲವು ಮಾದರಿಗಳಲ್ಲಿ ಹಿಂಬಾಗಿಲಿನ ಗಾಜಿಗೂ ಒಂದು ವೈಪರ್ ಉಂಟು. ಇದನ್ನು ಅಲಂಕಾರವೆಂದು ಬಗೆಯಕೂಡದು. ಇಕ್ಕಟ್ಟಾದ ಗಲ್ಲಿಯಲ್ಲಿ, ಮಳೆಯಲ್ಲಿ, ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಅಲ್ಲೊಂದು ಮಗು ನಿಂತಿದೆಯೇ ಎಂದು ನೋಡಲು ಆ ಗಾಜು ಸ್ವಚ್ಛವಾಗಿರಬೇಕು.

ಹಿಂಗಾಜು ಬೇಗ ಕೊಳೆಯಾಗಲು ಕಾರಣವಿದೆ. ಓಡುವ ಗಾಡಿಯ ಬೆನ್ನ ಹಿಂದೆ ಗಾಳಿ ಸುಳಿಯಾಗಿ ತಿರುಗಿ, ಚಕ್ರಗಳು ಎಬ್ಬಿಸಿದ ಕೆಸರನ್ನೂ ಧೂಳನ್ನೂ ಗಾಜಿಗೆ ಮೆತ್ತುತ್ತದೆ. ಬೆನ್ನು ನೆಟ್ಟಗಿರುವ ವ್ಯಾನುಗಳಲ್ಲಿ ಇದು ಹೆಚ್ಚು.

ವೈಪರ್ ನಿಂತೊಡನೆ ಮೋಟಾರು ಸುಟ್ಟಿತೆಂದು ತಿಳಿದು ಕಶ್ಮೀರಿ ಗೇಟಿನ ಬಿಡಿಭಾಗಗಳ ಪೇಟೆಗೆ ಓಡುವವರುಂಟು. ತಪ್ಪು ಒಂದು ಸಣ್ಣ ಫ್ಯೂಸಿನಲ್ಲಿಯೋ ಸಡಿಲವಾದ ನಟ್ಟಿನಲ್ಲಿಯೋ ಇದ್ದರೆ ದಿನದ ಸಂಪಾದನೆ ವ್ಯರ್ಥ. ಮೊದಲು ಪರೀಕ್ಷೆ, ಆಮೇಲೆ ಖರೀದಿ, ಇದೇ ನಿಯಮ.

1. ಕಿವಿಗೊಟ್ಟು ಕೇಳಿರಿ. ಹಿಂಬಾಗಿಲು ಮುಚ್ಚಿ, ಕೀಲಿ ತಿರುಗಿಸಿ, ಗಾಜನ್ನು ಒದ್ದೆ ಮಾಡಿ ವೈಪರಿನ ಸ್ವಿಚ್ಚು ಹಾಕಿರಿ. ಮೋಟಾರಿನ ಸದ್ದು ಬಂದು ಕೈ ಮಾತ್ರ ಚಲಿಸದಿದ್ದರೆ, ಕೈಯ ಬುಡದ ಮುಚ್ಚಳ ತೆಗೆದು ನಟ್ಟನ್ನು ನೋಡಿರಿ. ಅದು ಸಡಿಲವಾಗಿರಬಹುದು, ಇಲ್ಲವೇ ಒಳಗಿನ ಹಲ್ಲುಗಳು ಸವೆದಿರಬಹುದು.

2. ಸದ್ದೇ ಇಲ್ಲದಿದ್ದರೆ ಫ್ಯೂಸ್ ನೋಡಿರಿ. ಅದು ಕರಗಿದ್ದರೆ ಅದರ ಮೇಲೆ ಬರೆದ ಅಂಕಿಯದನ್ನೇ ಹಾಕತಕ್ಕದ್ದು. ದೊಡ್ಡ ಫ್ಯೂಸನ್ನಾಗಲಿ ತಂತಿಯ ತುಂಡನ್ನಾಗಲಿ ಹಾಕಿದರೆ ಗಾಡಿಗೆ ಬೆಂಕಿ ಹತ್ತಬಹುದು. ಹೊಸದೂ ಕರಗಿದರೆ ತಂತಿ ಎಲ್ಲಿಯೋ ಲೋಹಕ್ಕೆ ತಗಲುತ್ತಿದೆ, ಅಥವಾ ಮೋಟಾರು ಬಿಗಿದುಕೊಂಡಿದೆ.

3. ಹಿಂಬಾಗಿಲಿನ ಕೀಲಿನ ಬಳಿ ರಬ್ಬರು ಕೊಳವೆಯೊಂದಿದೆ. ಅದರೊಳಗಿನ ತಂತಿಗಳು ಬಾಗಿಲು ತೆರೆದಾಗಲೆಲ್ಲ ಬಾಗಿ, ಕ್ರಮೇಣ ಒಳಗೇ ತುಂಡಾಗುತ್ತವೆ. ಕೊಳವೆಯನ್ನು ಮೆಲ್ಲಗೆ ಸರಿಸಿ, ಬ್ಯಾಟರಿಯ ತಂತಿ ಬಿಚ್ಚಿದ ಮೇಲೆ, ಒಂದೊಂದನ್ನೂ ಎಳೆದು ನೋಡಿರಿ. ತುಂಡಾದುದಕ್ಕೆ ಹೊಸ ತಂತಿ ಸೇರಿಸಿ ಬೆಸುಗೆ ಹಾಕಿಸಿರಿ. ಬರಿಯ ಟೇಪು ಸುತ್ತಿದರೆ ಬಹುಕಾಲ ನಿಲ್ಲದು.

4. ತಂತಿ ಸರಿಯಿದ್ದರೆ, ಬಾಗಿಲಿನ ಒಳಹಲಗೆ ತೆಗೆದು ಮೋಟಾರಿನ ಪ್ಲಗ್ಗಿಗೆ 12 ವೋಲ್ಟಿನ ಪರೀಕ್ಷಾ ದೀಪ ಹಿಡಿಯಿರಿ. ಕೆಲವು ಗಾಡಿಗಳಲ್ಲಿ ಬಾಗಿಲು ತೆರೆದಿದ್ದರೆ ವೈಪರ್ ಓಡದು. ಆದ್ದರಿಂದ ಒಬ್ಬರು ಒಳಗೆ ಕುಳಿತು, ಬಾಗಿಲು ಮುಚ್ಚಿ ನೋಡಬೇಕು. ವಿದ್ಯುತ್ತು ಬಂದೂ ಮೋಟಾರು ಸುಮ್ಮನಿದ್ದರೆ, ಅದರ ಅರ್ತಿಂಗ್ ತಂತಿ ಲೋಹಕ್ಕೆ ಸರಿಯಾಗಿ ಸೇರಿದೆಯೇ ಎಂದು ನೋಡಿರಿ.

5. ಕೊನೆಗೆ ಮೋಟಾರು. ವೈಪರಿನ ಕೈಯನ್ನು ಕಳಚಿ ಸ್ವಿಚ್ಚು ಹಾಕಿರಿ. ಆಗಲೂ ತಿರುಗದಿದ್ದರೆ ಅಚ್ಚಿಗೆ ತುಕ್ಕು ಹಿಡಿದಿರುವುದುಂಟು. ಗಾಜಿನ ಹೊರಗೆ ಚಾಚಿರುವ ಅಚ್ಚಿನ ರಬ್ಬರು ಬಳೆ ಒಡೆದು ನೀರು ಒಳಗಿಳಿಯುವುದೇ ಇದಕ್ಕೆ ಕಾರಣ. ಅಚ್ಚನ್ನು ಹೊರತೆಗೆದು, ನಯವಾದ ಉಜ್ಜುಕಾಗದದಿಂದ ತುಕ್ಕು ತೆಗೆದು, ಗ್ರೀಸು ಹಚ್ಚಿ, ಹೊಸ ಬಳೆ ಹಾಕಿದರೆ ಎಷ್ಟೋ ಮೋಟಾರುಗಳು ಮತ್ತೆ ಓಡುತ್ತವೆ. ಇಷ್ಟಾದರೂ ಓಡದಿದ್ದರೆ ಮಾತ್ರ ಹೊಸದನ್ನು ಕೊಳ್ಳಿರಿ.

ಕೈಯನ್ನು ಮರಳಿ ಜೋಡಿಸುವ ಮುನ್ನ ಮೋಟಾರನ್ನು ಒಂದು ಸಲ ಓಡಿಸಿ, ಕೀಲಿಯಿಂದಲ್ಲದೆ ಸ್ವಿಚ್ಚಿನಿಂದಲೇ ನಿಲ್ಲಿಸಿರಿ. ಆಗ ಅಚ್ಚು ತನ್ನ ವಿಶ್ರಾಂತಿಯ ಸ್ಥಾನಕ್ಕೆ ಬಂದು ನಿಲ್ಲುತ್ತದೆ. ಕೈಯನ್ನು ಅಲ್ಲಿಗೆ ಸರಿಯಾಗಿ ಕೂರಿಸಬಹುದು. ಒಣಗಿದ ಧೂಳಿನ ಮೇಲೆ ವೈಪರ್ ಎಂದೂ ಓಡಿಸಬೇಡಿರಿ. ರಬ್ಬರೂ ಗಾಜೂ ಎರಡೂ ಕೆಡುತ್ತವೆ.

ಯಜಮಾನರ ಗಾಡಿ ನಡೆಸುವ ಬಂಧುಗಳು ಈ ಐದು ಪರೀಕ್ಷೆಗಳ ಫಲವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ಏನು ಕೆಟ್ಟಿದೆ ಎಂಬುದನ್ನು ತಿಳಿದು ಹೋದವನಿಗೆ ಮಿಸ್ತ್ರಿಯ ಮುಂದೆಯೂ ಯಜಮಾನರ ಮುಂದೆಯೂ ಮಾತಿಗೆ ಬೆಲೆಯುಂಟು.